ಭೂಪಟ ಯಾವ ಕಾಲದಲ್ಲಿ ಮಾತಾಡುತ್ತದೆ?

1815ರ ಫೆಬ್ರವರಿಯಲ್ಲಿ ಜಾರ್ಜ್ ಟಿಕ್ನರ್ ಎಂಬ ಬಾಸ್ಟನ್ನಿನ ತರುಣ ವಿದ್ವಾಂಸ ವರ್ಜೀನಿಯಾದ ಮಾಂಟಿಚೆಲೊಗೆ ಹೋಗಿದ್ದ. ಅಮೆರಿಕದ ಮೂರನೆಯ ಅಧ್ಯಕ್ಷನಾಗಿದ್ದ ಥಾಮಸ್ ಜೆಫರ್ಸನ್ ನಿವೃತ್ತನಾದ ಮೇಲೆ ವಾಸಿಸುತ್ತಿದ್ದ ಮನೆ ಅದು. ಬಾಗಿಲು ದಾಟಿದ ಕೂಡಲೇ ಸಿಗುವ ಹಜಾರದ ಬಗ್ಗೆ ಟಿಕ್ನರ್ ಬರೆದಿಟ್ಟಿದ್ದಾನೆ. ಒಂದು ಗೋಡೆಯ ಮೇಲೆ ಎಲ್ಕ್, ಜಿಂಕೆ, ಬೈಸನ್‌ಗಳ ತಲೆಗಳು. ಇನ್ನೊಂದರ ಮೇಲೆ ಲೂಯಿಸ್ ಮತ್ತು ಕ್ಲಾರ್ಕ್ ತಮ್ಮ ಪಶ್ಚಿಮದ ಪಯಣದಿಂದ ತಂದ ವಸ್ತುಗಳು. ಮತ್ತೊಂದು ಗೋಡೆಯಲ್ಲಿ ಕ್ರೈಸ್ತ ಸಂತನೊಬ್ಬನ ವರ್ಣಚಿತ್ರ. ಅದರ ಜೊತೆಗೇ, ಮೂಲನಿವಾಸಿಯೊಬ್ಬ ಚರ್ಮದ ಮೇಲೆ ಬರೆದ, ಮಿಸೌರಿ ನದಿಯ ದಕ್ಷಿಣದ ಹೊಳೆಗಳ ಭೂಪಟ. ಇದೇ ಹಜಾರದಲ್ಲಿ ಜೆಫರ್ಸನ್ ಅಚ್ಚಾದ ದೊಡ್ಡ ಭೂಪಟಗಳನ್ನೂ ತೂಗುಹಾಕಿಸಿದ್ದ.

ಇಲ್ಲಿ ಎರಡು ಬಗೆಯ ಭೂಪಟಗಳು ಒಂದೇ ಕೋಣೆಯಲ್ಲಿವೆ. ಎರಡೂ ನದಿಗಳನ್ನು ತೋರಿಸುತ್ತವೆ, ಎರಡೂ ನೆಲವನ್ನು ಬಲ್ಲವರ ಕೆಲಸ. ಆದರೆ ಬಂದವರು ಒಂದನ್ನು ಆಕರವೆಂದು ನೋಡುತ್ತಿದ್ದರು, ಇನ್ನೊಂದನ್ನು ಬೈಸನ್ ತಲೆಯ ಸಾಲಿನಲ್ಲಿ ಸೇರುವ ಕುತೂಹಲದ ವಸ್ತುವೆಂದು. ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಗೋಡೆಯ ಭೂಪಟಗಳನ್ನು ಸಾಹಿತ್ಯದ ವಿದ್ಯಾರ್ಥಿಗಳು ಓದಬೇಕಾದ ಪಠ್ಯಗಳೆಂದು ನಾನು ತಿಳಿಯಲು ಈ ವ್ಯತ್ಯಾಸವೇ ಕಾರಣ. ಆ ದೇಶ ಬೆಳೆದ ಕಥೆಯನ್ನು ಆ ಭೂಪಟಗಳು ದಾಖಲಿಸಿದವು ಎನ್ನುವುದು ರೂಢಿ. ದಾಖಲಿಸಿದ್ದಕ್ಕಿಂತ ಹೆಚ್ಚಾಗಿ ಅವು ಆ ಕಥೆಯನ್ನು ಮುಂಚಿತವಾಗಿ ಹೇಳಿದವು. ಹೇಗೆ ಹೇಳಿದವು ಎಂಬುದನ್ನು ಹಿಡಿಯಲು ವ್ಯಾಕರಣದ ಒಂದು ಪ್ರಶ್ನೆ ಸಾಕು: ಭೂಪಟದ ಕ್ರಿಯಾಪದ ಯಾವ ಕಾಲದಲ್ಲಿದೆ?

ಮೊದಲು ವಸ್ತುವನ್ನು ನೋಡೋಣ. ಇಂದು ಈ ಭೂಪಟಗಳನ್ನು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣದಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿರುವ ಡೇವಿಡ್ ರಮ್ಸಿ ಸಂಗ್ರಹದಲ್ಲಿ ಯಾರು ಬೇಕಾದರೂ ಹಿಗ್ಗಿಸಿ ನೋಡಬಹುದು. ಪರದೆಯ ಮೇಲೆ ಕಾಣದೇ ಹೋಗುವುದು ಅವುಗಳ ಗಾತ್ರ ಮತ್ತು ಮೈ. ಕನ್ನಡದಲ್ಲಿ ನಮಗೆ ಇದಕ್ಕೆ ಎರಡು ಮಾತುಗಳಿವೆ. ಭೂಪಟದ 'ಪಟ'ಕ್ಕೆ ಬಟ್ಟೆ ಎಂಬ ಅರ್ಥವೂ ಇದೆ, ಗೋಡೆಗೆ ತೂಗುವ ಚಿತ್ರ ಎಂಬ ಅರ್ಥವೂ ಇದೆ. ನಕಾಶೆ ಎಂಬ ಮಾತು ಕೊರೆಯುವ ಕೆಲಸವನ್ನು ನೆನಪಿಸುತ್ತದೆ. ಆ ಕಾಲದ ಗೋಡೆಯ ಭೂಪಟ ಈ ಎರಡೂ ಮಾತಿಗೆ ತಕ್ಕದ್ದು. ತಾಮ್ರದ ತಗಡಿನ ಮೇಲೆ ನದಿ, ಬೆಟ್ಟ, ಅಕ್ಷರಗಳನ್ನು ಕನ್ನಡಿಯಲ್ಲಿ ಕಾಣುವಂತೆ ತಿರುಗಿಸಿ ಕೊರೆಯುತ್ತಿದ್ದರು. ಅಚ್ಚಾದ ನಾಲ್ಕೋ ಆರೋ ಎಂಟೋ ಹಾಳೆಗಳನ್ನು ಜೋಡಿಸಿ ಬಟ್ಟೆಗೆ ಅಂಟಿಸುತ್ತಿದ್ದರು. ರಾಜ್ಯಗಳಿಗೆ ಕೈಯಿಂದ ಬಣ್ಣ ಹಾಕುತ್ತಿದ್ದರು. ಈ ಕೆಲಸ ಮಾಡಿದವರಲ್ಲಿ ಅನೇಕರು ಹೆಂಗಸರು, ಅವರ ಹೆಸರು ಭೂಪಟದ ಮೇಲೆ ಇರುವುದಿಲ್ಲ. ಕೊನೆಗೆ ವಾರ್ನಿಶ್ ಬಳಿದು ಮೇಲೆ ಕೆಳಗೆ ಮರದ ಕೋಲು ಕೂಡಿಸಿದರೆ ಶಾಲೆ, ಕಚೇರಿ, ನಡುಮನೆಯ ಗೋಡೆಗೆ ಸಿದ್ಧ. ಕಾಪಾಡಲೆಂದು ಬಳಿದ ಆ ವಾರ್ನಿಶ್ಶೇ ವರ್ಷಗಳು ಕಳೆದಂತೆ ಕಂದು ಬಣ್ಣಕ್ಕೆ ತಿರುಗಿ ಬಿರುಕುಬಿಟ್ಟಿತು. ಈ ಭೂಪಟಗಳು ಇಂದು ಅಪರೂಪವಾಗಲು ಅದೂ ಒಂದು ಕಾರಣ.

ಪುಸ್ತಕದೊಳಗಿನ ಭೂಪಟವನ್ನು ನಾವು ಬೇಕಾದಾಗ ತೆರೆಯುತ್ತೇವೆ. ಗೋಡೆಯ ಭೂಪಟ ಹಾಗಲ್ಲ, ನಾವು ಬೇರೆ ಏನೋ ಮಾಡುತ್ತಿರುವಾಗಲೂ ಅದು ಎದುರಿಗಿರುತ್ತದೆ. ಲೆಕ್ಕದ ಪಾಠ ನಡೆಯುವಾಗಲೂ ಮಗು ಅದನ್ನು ನೋಡುತ್ತಿರುತ್ತದೆ. ದೇಶಕ್ಕೆ ಒಂದು ಆಕಾರವಿದೆ, ಆ ಆಕಾರ ಸಹಜವಾದದ್ದು ಎಂಬ ನಂಬಿಕೆ ಹೀಗೆ ನೋಡಿ ನೋಡಿಯೇ ಬರುವುದು. ನಮ್ಮ ಶಾಲೆಗಳಲ್ಲಿ ಓದಿದವರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಅಮೆರಿಕದ ಆಕಾರ ಮಾತ್ರ ಆರಂಭದಿಂದಲೂ ಭೂಪಟಗಳ ತಪ್ಪುಗಳ ಜೊತೆಗೇ ಬೆಳೆಯಿತು. ಜಾನ್ ಮಿಚೆಲ್ ಎಂಬ ವೈದ್ಯ 1755ರಲ್ಲಿ ಲಂಡನ್ನಿನಲ್ಲಿ ಎಂಟು ಹಾಳೆಗಳ, ಸುಮಾರು ಆರೂವರೆ ಅಡಿ ಅಗಲದ ಭೂಪಟ ಪ್ರಕಟಿಸಿದ. ಉತ್ತರ ಅಮೆರಿಕದಲ್ಲಿ ಫ್ರೆಂಚರ ಹಕ್ಕಿಗೆ ಎದುರಾಗಿ ಬ್ರಿಟಿಷರ ಹಕ್ಕನ್ನು ಸಾರುವುದು ಅದರ ಉದ್ದೇಶ. ವರ್ಜೀನಿಯಾ, ಕೆರೊಲಿನಾ ಮೊದಲಾದ ವಸಾಹತುಗಳ ಗಡಿಗೆರೆಗಳು ಅದರಲ್ಲಿ ಮಿಸಿಸಿಪ್ಪಿ ನದಿಯನ್ನೂ ದಾಟಿ ಪಶ್ಚಿಮಕ್ಕೆ ಓಡುತ್ತವೆ. ಮೂವತ್ತು ವರ್ಷ ಕಳೆಯುವುದರೊಳಗೆ ಆ ವಸಾಹತುಗಳೇ ಬ್ರಿಟನ್ನಿನಿಂದ ಬಿಡಿಸಿಕೊಂಡವು. 1783ರ ಪ್ಯಾರಿಸ್ ಒಪ್ಪಂದಕ್ಕೆ ಕೂತವರ ಮುಂದಿದ್ದುದೂ ಇದೇ ಭೂಪಟ. ಬ್ರಿಟಿಷರ ವಾದಕ್ಕೆಂದು ಮಾಡಿದ ಕೃತಿ ಬ್ರಿಟಿಷರು ಬಿಟ್ಟುಕೊಡುವ ನೆಲದ ಅಳತೆಗೋಲಾಯಿತು.

ಆ ಒಪ್ಪಂದದ ಗಡಿಯ ಭಾಗವನ್ನು ಓದಿದರೆ ನಮ್ಮ ಕ್ರಯಪತ್ರಗಳ ಚೆಕ್ಕುಬಂದಿ ನೆನಪಾಗುತ್ತದೆ: ಇಂಥ ನದಿಯ ಹಿಡಿದು ಇಂಥ ಸರೋವರದವರೆಗೆ, ಅಲ್ಲಿಂದ ನೇರ ಪಶ್ಚಿಮಕ್ಕೆ. ಚೆಕ್ಕುಬಂದಿ ಬರೆಯುವ ಶಾನುಭೋಗ ಹೊಲದ ಬದುವಿನ ಮೇಲೆ ನಡೆದಾಡಿದವನು. ಪ್ಯಾರಿಸ್ಸಿನಲ್ಲಿ ಬರೆದವರು ಕಾಗದದ ಮೇಲಷ್ಟೇ ನಡೆದಿದ್ದರು. ಸುಪೀರಿಯರ್ ಸರೋವರದಲ್ಲಿ ಗಡಿ ಫೆಲಿಪೊ ಎಂಬ ದ್ವೀಪದ ಉತ್ತರಕ್ಕೆ ಹಾಯಬೇಕೆಂದು ಅವರು ಬರೆದರು. ಅಂಥ ದ್ವೀಪವೇ ಇಲ್ಲ. ವುಡ್ಸ್ ಸರೋವರದ ವಾಯವ್ಯ ತುದಿಯಿಂದ ನೇರ ಪಶ್ಚಿಮಕ್ಕೆ ಹೋದರೆ ಮಿಸಿಸಿಪ್ಪಿ ಸಿಗುತ್ತದೆ ಎಂದೂ ಬರೆದರು. ಮಿಸಿಸಿಪ್ಪಿ ಹುಟ್ಟುವುದು ಅದಕ್ಕಿಂತ ದಕ್ಷಿಣದಲ್ಲಿ. ಆ ಗೆರೆ ಎಷ್ಟು ದೂರ ಹೋದರೂ ನದಿಯನ್ನು ಮುಟ್ಟುವುದಿಲ್ಲ. ಈ ತಪ್ಪನ್ನು ಮುಂದೆ 49ನೇ ಅಕ್ಷಾಂಶದ ಗೆರೆಯಿಂದ ಸರಿಪಡಿಸಲು ಹೋದಾಗ ಮಿನಸೋಟಾದ ಒಂದು ತುಂಡು ನೆಲ ಕೆನಡಾದ ಕಡೆ ಸಿಕ್ಕಿಕೊಂಡಿತು. ರಸ್ತೆಯಲ್ಲಿ ಅಲ್ಲಿಗೆ ಹೋಗುವ ಅಮೆರಿಕದವರು ಇವತ್ತಿಗೂ ಕೆನಡಾ ದಾಟಿಯೇ ಹೋಗಬೇಕು. ಕಾಗದದ ತಪ್ಪು ನೆಲದ ಸತ್ಯವಾಗಿ ಉಳಿದುಬಿಟ್ಟಿದೆ.

ಸ್ವತಂತ್ರವಾದ ದೇಶದ ಮೊದಲ ಭೂಪಟವನ್ನು ಅಲ್ಲಿಯೇ ಕೊರೆದು ಅಚ್ಚುಹಾಕಿದವನು ಕನೆಕ್ಟಿಕಟ್‌ನ ಏಬಲ್ ಬ್ಯುಯೆಲ್. 1784ರಲ್ಲಿ ಪ್ರಕಟವಾದ ಅದೂ ಗೋಡೆಯ ಭೂಪಟವೇ. ಈ ಬ್ಯುಯೆಲ್ ಯೌವನದಲ್ಲಿ ಖೋಟಾ ನೋಟು ಮಾಡಿ ಸಿಕ್ಕಿಬಿದ್ದು ಶಿಕ್ಷೆ ಅನುಭವಿಸಿದವನು. ಒಂದು ಹಾಳೆಗೆ ಬೆಲೆ ಬರುವುದು ನೋಡುವವರು ಅದನ್ನು ನಂಬಿದಾಗ ಎಂಬುದು ಅವನಷ್ಟು ಚೆನ್ನಾಗಿ ಇನ್ನಾರಿಗೂ ಗೊತ್ತಿದ್ದಿರಲಾರದು.

ಆದರೂ ಬೆಳೆಯುವ ದೇಶದ ವ್ಯಾಕರಣವನ್ನು ಪೂರ್ಣವಾಗಿ ಕಂಡುಕೊಂಡವನು ಜಾನ್ ಮೆಲಿಷ್. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಫಿಲಡೆಲ್ಫಿಯಾದಲ್ಲಿ ನೆಲೆಸಿದ ಆತ 1816ರಲ್ಲಿ ಆರು ಹಾಳೆಗಳ ಭೂಪಟ ಹೊರತಂದ. 1803ರಲ್ಲಿ ಜೆಫರ್ಸನ್ ಸರ್ಕಾರ ಫ್ರಾನ್ಸಿನಿಂದ ಲೂಯಿಸಿಯಾನಾವನ್ನು ಒಂದೂವರೆ ಕೋಟಿ ಡಾಲರಿಗೆ ಕೊಂಡಿತ್ತು. ಸುಮಾರು 8 ಲಕ್ಷ 28 ಸಾವಿರ ಚದರ ಮೈಲಿ. ದೇಶದ ವಿಸ್ತಾರ ಒಮ್ಮೆಗೇ ಎರಡರಷ್ಟಾಯಿತು. ಆದರೆ ಅದು ಎಲ್ಲಿಯವರೆಗೆ ಎಂಬುದು ಕೊಂಡವರಿಗೂ ಮಾರಿದವರಿಗೂ ಸ್ಪಷ್ಟವಿರಲಿಲ್ಲ. ಮೆಲಿಷ್ ತನ್ನ ಭೂಪಟದ ಜೊತೆಗೆ ತಂದ ವಿವರಣೆಯ ಪುಸ್ತಕದಲ್ಲಿ ಒಂದು ಮಾತು ಒಪ್ಪಿಕೊಳ್ಳುತ್ತಾನೆ. ಮೊದಲು ಪಶ್ಚಿಮದ ಪರ್ವತಸಾಲಿಗೆ ಭೂಪಟವನ್ನು ನಿಲ್ಲಿಸಬೇಕೆಂದಿದ್ದನಂತೆ. ಆಮೇಲೆ ಮನಸ್ಸು ಬದಲಿಸಿ, ಎರಡು ಹಾಳೆ ಹೆಚ್ಚಿಗೆ ಸೇರಿಸಿ, ಪೆಸಿಫಿಕ್ ಸಾಗರದವರೆಗೆ ಒಯ್ದನಂತೆ. ಸಮುದ್ರದಿಂದ ಸಮುದ್ರಕ್ಕೆ ಹಬ್ಬಿದ ದೇಶ ಒಂದೇ ನೋಟಕ್ಕೆ ಕಾಣಲಿ ಎಂಬುದು ಅವನ ಆಸೆ.

ಈ ಎರಡು ಹಾಳೆಗಳನ್ನು ನಾವು ನಿಧಾನವಾಗಿ ನೋಡಬೇಕು. 1816ರಲ್ಲಿ ಪೆಸಿಫಿಕ್ ದಡದ ಮೇಲೆ ಅಮೆರಿಕಕ್ಕೆ ನಿರ್ವಿವಾದವಾದ ಒಂದಡಿ ನೆಲವೂ ಇರಲಿಲ್ಲ. ಆರೆಗಾನ್ ಪ್ರದೇಶದ ಮೇಲೆ ಬ್ರಿಟನ್, ಸ್ಪೇನ್, ರಷ್ಯಾಗಳೂ ಹಕ್ಕು ಹೇಳುತ್ತಿದ್ದವು. ಬ್ರಿಟನ್ ಜೊತೆಗಿನ ಅಲ್ಲಿನ ಗಡಿ ತೀರ್ಮಾನವಾದದ್ದು 1846ರಲ್ಲಿ. ಮೂವತ್ತು ವರ್ಷ ಮೊದಲೇ ಮೆಲಿಷ್‌ನ ಬಣ್ಣ ಸಮುದ್ರ ಮುಟ್ಟಿತ್ತು. ಈ ಭೂಪಟದ ಅರ್ಥವನ್ನು ಕನ್ನಡದಲ್ಲಿ ಒಂದು ವಾಕ್ಯಕ್ಕೆ ಇಳಿಸಿ: 'ದೇಶ ಪೆಸಿಫಿಕ್‌ವರೆಗೆ ಹೋಗುತ್ತದೆ.' ನಮ್ಮ ಮಾತಿನಲ್ಲಿ 'ಹೋಗುತ್ತದೆ' ಎಂಬುದು ಈಗಿನದಕ್ಕೂ ಸಲ್ಲುತ್ತದೆ, ಮುಂದಿನದಕ್ಕೂ ಸಲ್ಲುತ್ತದೆ. 'ದಾರಿ ಊರಿಗೆ ಹೋಗುತ್ತದೆ' ಎಂದರೆ ವರ್ತಮಾನ. 'ನಾಳೆ ಬಸ್ಸು ಊರಿಗೆ ಹೋಗುತ್ತದೆ' ಎಂದರೆ ಭವಿಷ್ಯ. ಮೆಲಿಷ್‌ನ ಕ್ರಿಯಾಪದ ಇವೆರಡರ ನಡುವೆ ಜಾರುತ್ತದೆ. 'ಹೋದೀತು' ಎಂಬ ಸಂಭಾವನೆಯನ್ನು ಅವನು ಚುಕ್ಕೆಗೆರೆಯಲ್ಲಿ ಬರೆಯಬಹುದಿತ್ತು. ಬಣ್ಣ ತುಂಬಿದ್ದರಿಂದ ಸಂಭಾವನೆ ನಿಶ್ಚಯವಾಯಿತು. ಓದುಗ ಅದನ್ನು ಹೇಳಿಕೆಯೆಂದು ಓದಿ ಹಕ್ಕೆಂದು ನೆನಪಿಟ್ಟುಕೊಂಡ.

ಭವಿಷ್ಯ ಬಲು ಬೇಗ ಬಂತು. 1816ರ ಕೊನೆಗೆ ಇಂಡಿಯಾನಾ, 1817ರಲ್ಲಿ ಮಿಸಿಸಿಪ್ಪಿ, 1818ರಲ್ಲಿ ಇಲಿನಾಯ್, 1819ರಲ್ಲಿ ಅಲಬಾಮಾ, ಹೀಗೆ ವರ್ಷಕ್ಕೊಂದು ರಾಜ್ಯ. ಮೆಲಿಷ್ ಒಮ್ಮೆಗೆ ಕೆಲವೇ ಪ್ರತಿ ತೆಗೆದು, ಮತ್ತೆ ತಾಮ್ರದ ತಗಡನ್ನು ತಿದ್ದಿಸುತ್ತಿದ್ದ. ಹಳೆಯ ಗೆರೆ ಅಳಿಸಲು ತಗಡಿನ ಬೆನ್ನಿಗೆ ಸುತ್ತಿಗೆಯಿಂದ ತಟ್ಟಿ, ಮೇಲ್ಮೈ ಉಜ್ಜಿ, ಹೊಸದಾಗಿ ಕೊರೆಯಬೇಕು. ಹೀಗೆ ಕೆಲವೇ ವರ್ಷಗಳಲ್ಲಿ ಈ ಭೂಪಟ ಇಪ್ಪತ್ತಕ್ಕೂ ಹೆಚ್ಚು ಬಾರಿ ಬದಲಾಯಿತು. ನಮ್ಮ ತಾಮ್ರಶಾಸನಗಳಲ್ಲಿ ದಾನದ ನೆಲದ ಎಲ್ಲೆಯನ್ನು ಕೊರೆದು ಸೂರ್ಯಚಂದ್ರರಿರುವವರೆಗೆ ಇದು ನಡೆಯಲಿ ಎಂದು ಆಶಿಸುತ್ತಿದ್ದರು. ಇಲ್ಲಿ ಅದೇ ಲೋಹ ಮುಂದಿನ ತಿದ್ದುಪಡಿಗಾಗಿ ಕಾಯುತ್ತಿತ್ತು.

1819ರಲ್ಲಿ ಸ್ಪೇನ್ ಜೊತೆ ಮಾಡಿಕೊಂಡ ಒಪ್ಪಂದ ಮೆಲಿಷ್‌ನ ಭೂಪಟದ ಹೆಸರನ್ನೇ ಎತ್ತಿ, ಗಡಿ ಅದರಲ್ಲಿ ತೋರಿಸಿದಂತೆ ಎಂದಿತು. ಅವನು 100ನೇ ರೇಖಾಂಶವನ್ನು ಅದು ಇರಬೇಕಾದ ಕಡೆಗಿಂತ ಸುಮಾರು 90 ಮೈಲಿ ಪೂರ್ವಕ್ಕೆ ಹಾಕಿದ್ದ. ನಿಜವಾದ ರೇಖಾಂಶ ಯಾವುದು, ಭೂಪಟದ್ದೋ ಆಕಾಶದ್ದೋ ಎಂಬ ಜಗಳ ಟೆಕ್ಸಾಸ್ ಮತ್ತು ಕೇಂದ್ರ ಸರ್ಕಾರದ ನಡುವೆ ಬೆಳೆದು, 1896ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಟೆಕ್ಸಾಸ್ ಸೋತು, ಗ್ರಿಯರ್ ಕೌಂಟಿ ಎಂಬ ಭಾಗ ಅದರ ಕೈಬಿಟ್ಟಿತು. ಮೆಕ್ಸಿಕೊ ಯುದ್ಧದ ಕೊನೆಯಲ್ಲೂ ಇದೇ ಕಥೆ. 1848ರ ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದಕ್ಕೆ ಆಧಾರವಾದದ್ದು ನ್ಯೂಯಾರ್ಕಿನ ಜಾನ್ ಡಿಸ್ಟರ್ನೆಲ್ 1847ರಲ್ಲಿ ಅಚ್ಚುಹಾಕಿದ ಭೂಪಟ. ಅದು ಹಿಂದಿನ ಭೂಪಟವೊಂದರ ನಕಲು. ಅದರಲ್ಲಿ ಎಲ್ ಪಾಸೊ ಊರು ಇರುವ ಜಾಗಕ್ಕಿಂತ ಉತ್ತರಕ್ಕೂ ರಿಯೊ ಗ್ರ್ಯಾಂಡ್ ನದಿ ಪೂರ್ವಕ್ಕೂ ಸರಿದಿದ್ದವು. ಗಡಿ ಅಳೆಯಲು ಹೋದವರಿಗೆ ಭೂಪಟದಲ್ಲಿದ್ದ ಊರು ಅಲ್ಲಿ ಸಿಗಲಿಲ್ಲ. ಜಗಳ ಬಗೆಹರಿಸಿ, ರೈಲಿಗೆ ದಾರಿಯನ್ನೂ ಪಡೆಯಲೆಂದು 1853ರ ಕೊನೆಯಲ್ಲಿ ಅಮೆರಿಕ ಮತ್ತೊಂದು ಒಪ್ಪಂದಕ್ಕೆ ಸಹಿ ಹಾಕಿತು. ಅಂತಿಮವಾಗಿ ಒಂದು ಕೋಟಿ ಡಾಲರ್ ಕೊಟ್ಟು ಸುಮಾರು 30 ಸಾವಿರ ಚದರ ಮೈಲಿ ಕೊಂಡಿತು. ತಪ್ಪು ಯಾರದಾದರೂ ನೆಲ ಬಂದು ಸೇರಿದ್ದು ಬೆಳೆಯುತ್ತಿದ್ದವರ ಕಡೆಗೇ.

ಇಲ್ಲಿಯವರೆಗಿನ ಓದು ಪರಿಚಿತವಾದದ್ದು. ಜೆ. ಬಿ. ಹಾರ್ಲಿ ಎಂಬ ಭೂಪಟ ಇತಿಹಾಸಕಾರ 1989ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದ ನಂತರ ಭೂಪಟವನ್ನು ಅಧಿಕಾರದ ಭಾಷೆಯೆಂದು, ಅದರ ಮೌನಗಳನ್ನು ಉದ್ದೇಶಪೂರ್ವಕವೆಂದು ಓದುವುದು ವಿಶ್ವವಿದ್ಯಾಲಯಗಳಲ್ಲಿ ವಾಡಿಕೆ. ಅದರಿಂದ ನಾವು ಬಹಳ ಕಲಿತಿದ್ದೇವೆ. ಆದರೆ ಆ ಓದು ವಾಡಿಕೆಯಾದ ಮೇಲೆ ಅದರಲ್ಲೊಂದು ಕೊರತೆ ಕಾಣತೊಡಗಿದೆ. ಅದು ಗೆದ್ದವರ ಭೂಪಟವನ್ನೇ ಮತ್ತೆ ಮತ್ತೆ ನೋಡುತ್ತದೆ. ಖಾಲಿಬಿಟ್ಟ ಜಾಗವನ್ನು ತೋರಿಸಿ 'ಇಲ್ಲಿ ಮೌನವಿದೆ' ಎನ್ನುತ್ತದೆ. ಅಲ್ಲಿದ್ದವರು ಸುಮ್ಮನಿದ್ದರು ಎಂಬ ಭಾವನೆ ಇದರಿಂದಲೇ ಉಳಿದುಬಿಡುತ್ತದೆ. ಅವರು ಸುಮ್ಮನಿರಲಿಲ್ಲ.

1801ರಲ್ಲಿ ಬ್ಲ್ಯಾಕ್‌ಫುಟ್ ಜನರ ಮುಖ್ಯಸ್ಥ ಅಕ್ಕೊ ಮೊಕ್ಕಿ ಎಂಬಾತ ಹಡ್ಸನ್ ಬೇ ಕಂಪನಿಯ ಪೀಟರ್ ಫಿಡ್ಲರ್‌ಗೆ ಮಿಸೌರಿಯ ಮೇಲ್ಭಾಗದ ನದಿಗಳನ್ನೂ ಪರ್ವತಗಳನ್ನೂ ಬರೆದು ತೋರಿಸಿದ. ಫಿಡ್ಲರ್ ಅದನ್ನು ಲಂಡನ್ನಿಗೆ ಕಳಿಸಿದ. ಅಲ್ಲಿನ ಆ್ಯರನ್ ಆ್ಯರೋಸ್ಮಿತ್ ಅದರ ವಿವರಗಳನ್ನು ತನ್ನ 1802ರ ಭೂಪಟದಲ್ಲಿ ಸೇರಿಸಿದ. ಪಶ್ಚಿಮಕ್ಕೆ ಹೊರಟ ಲೂಯಿಸ್ ಮತ್ತು ಕ್ಲಾರ್ಕ್ ನೆಚ್ಚಿಕೊಂಡ ಭೂಪಟಗಳಲ್ಲಿ ಆ್ಯರೋಸ್ಮಿತ್‌ನದೂ ಒಂದು. ಅಂದರೆ ಖಾಲಿ ಜಾಗವನ್ನು ತುಂಬಿದ ಗೆರೆಗಳಲ್ಲಿ ಕೆಲವು ಅಲ್ಲಿಯವರೇ ಎಳೆದವು. ಅಚ್ಚಾಗುವಾಗ ಗೆರೆ ಉಳಿಯಿತು, ಗೆರೆ ಎಳೆದವನು ಉಳಿಯಲಿಲ್ಲ. ಪ್ರಸಿದ್ಧರ ಆತ್ಮಕಥೆಗಳನ್ನು ಬರೆದುಕೊಟ್ಟು ಹೆಸರಿಲ್ಲದೆ ಹೋದವರ ಪಾಡು ಬಲ್ಲ ಸಾಹಿತ್ಯದ ಓದುಗರಿಗೆ ಇದು ಹೊಸದಲ್ಲ.

ಈಗ ಎರಡು ಭೂಪಟಗಳನ್ನು ಅಕ್ಕಪಕ್ಕ ಇಡೋಣ. ಒಂದು 1828ರದು. ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ದುಡಿದ ಎಮ್ಮಾ ವಿಲರ್ಡ್ ತನ್ನ ಅಮೆರಿಕದ ಇತಿಹಾಸದ ಪಾಠಕ್ಕೆಂದು ಸಿದ್ಧಪಡಿಸಿದ ಭೂಪಟಮಾಲೆ. ದೇಶದ ಬೆಳವಣಿಗೆಯನ್ನು ಒಂದಾದ ಮೇಲೊಂದು ಭೂಪಟದಲ್ಲಿ ತೋರಿಸುವ, ಆ ಕಾಲಕ್ಕೆ ನಿಜಕ್ಕೂ ಹೊಸದಾದ ಯೋಚನೆ ಅದು. ಮುಂದಿನ ಭೂಪಟಗಳು ಇಸವಿಯಿಂದ ಇಸವಿಗೆ ಸಾಗುತ್ತವೆ. ಎಲ್ಲಕ್ಕಿಂತ ಮೊದಲು ಬರುವ ಪೀಠಿಕೆಯ ಭೂಪಟದಲ್ಲಿ ಮೂಲನಿವಾಸಿ ಬುಡಕಟ್ಟುಗಳ ನೆಲೆಗಳೂ ಅಲೆದಾಟಗಳೂ ಇವೆ. 'ಅಲೆದಾಟ' ಎಂಬುದು ಅದರ ಶೀರ್ಷಿಕೆಯಲ್ಲೇ ಇರುವ ಮಾತು. ಅವರ ಚಲನೆ ಇತಿಹಾಸಕ್ಕೆ ಮುಂಚಿನದು. ಇತಿಹಾಸ ಇಸವಿಯೊಂದಿಗೆ, ಹಡಗಿನೊಂದಿಗೆ ಶುರುವಾಗುತ್ತದೆ. ಮಕ್ಕಳು ಇದನ್ನು ನೋಡಿ ಕಲಿತರು.

ಇನ್ನೊಂದು 1837ರ ಅಕ್ಟೋಬರಿನಲ್ಲಿ ವಾಷಿಂಗ್ಟನ್ನಿನ ಸಭೆಯೊಂದಕ್ಕೆ ಬಂದ ಭೂಪಟ. ಐಯೋವೇ ಜನರ ಮುಖಂಡ ನೊಚಿನಿಂಗ ಅದನ್ನು ಸರ್ಕಾರದ ಅಧಿಕಾರಿಗಳ ಮುಂದೆ ಹರಡಿದ. ಮಿಸಿಸಿಪ್ಪಿ ಮತ್ತು ಮಿಸೌರಿ ನದಿಗಳ ನಡುವಿನ ನೆಲ ಯಾರದು ಎಂಬುದು ವಿವಾದ. ಎದುರು ಪಕ್ಷದಲ್ಲಿ ಸಾಕ್ ಮತ್ತು ಫಾಕ್ಸ್ ಜನರು. ಕಾಗದದ ಮೇಲೆ ಮಸಿಯಲ್ಲಿ ಬರೆದ ಆ ಭೂಪಟ ಇಂದು ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿದೆ. ಅದರಲ್ಲಿ ನದಿಗಳು ದಟ್ಟವಾಗಿ ಹರಿಯುತ್ತವೆ. ಹಳ್ಳಿಗಳು ಸಣ್ಣ ವೃತ್ತಗಳು. ಈ ವೃತ್ತಗಳನ್ನು ಕೂಡಿಸುತ್ತಾ ಒಂದು ಚುಕ್ಕೆಗೆರೆ, ಮಿಶಿಗನ್ ಸರೋವರದ ಕಡೆಯಿಂದ ಮಿಸೌರಿಯ ಕಡೆಗೆ, ತಲೆಮಾರುಗಳ ಉದ್ದಕ್ಕೆ ನಡೆಯುತ್ತದೆ. ರಾಜ್ಯದ ಗಡಿಗಳಿಲ್ಲ, ಅಕ್ಷಾಂಶ ರೇಖಾಂಶಗಳಿಲ್ಲ, ಬಣ್ಣ ತುಂಬಿದ ತುಂಡುಗಳಿಲ್ಲ. ಇದು ನಮ್ಮ ಹಿರಿಯರು ನಡೆದ ದಾರಿ, ಇಲ್ಲಿ ಅವರು ಊರು ಕಟ್ಟಿದರು, ಇಲ್ಲಿಂದ ಎದ್ದು ಅಲ್ಲಿಗೆ ಹೋದರು, ಆದ್ದರಿಂದ ಈ ನೆಲ ನಮ್ಮದು ಎಂಬುದು ಅದರ ವಾದ.

ವಿಲರ್ಡ್ ಮತ್ತು ನೊಚಿನಿಂಗ ಇಬ್ಬರೂ ಬರೆದದ್ದು ಚಲನೆಯನ್ನೇ. ಒಬ್ಬಳಿಗೆ ಅದು ಅಲೆದಾಟ, ಒಬ್ಬನಿಗೆ ವಂಶಾವಳಿ. ಅಲೆಯುವವರಿಗೆ ನೆಲೆಯಿಲ್ಲ, ನೆಲೆಯಿಲ್ಲದವರಿಗೆ ಹಕ್ಕಿಲ್ಲ ಎಂಬ ತರ್ಕ ಮೊದಲನೆಯದರಲ್ಲಿ ಅಡಗಿದೆ. ಎರಡನೆಯದರಲ್ಲಿ ನಡೆದದ್ದೇ ಹಕ್ಕು. ಇದು ಭೂತಕಾಲದ ಭೂಪಟ: 'ಇದ್ದೆವು, ನಡೆದೆವು, ಹೂಳಿದೆವು' ಎನ್ನುವ ಕ್ರಿಯಾಪದಗಳದು. ಮೆಲಿಷ್‌ನ 'ಹೋಗುತ್ತದೆ' ಎಂಬುದಕ್ಕೆ ಎದುರಾಗಿ ಅದು ನಿಂತಿತು. ತೀರ್ಪು ಕೊಡುವವರಿಗೆ ಭವಿಷ್ಯತ್ತಿನ ಕ್ರಿಯಾಪದ ಅರ್ಥವಾಗುತ್ತಿತ್ತು, ಭೂತದ್ದು ಸಾಕ್ಷ್ಯವೆನಿಸಲಿಲ್ಲ. ಮರುವರ್ಷವೇ, 1838ರ ಒಪ್ಪಂದದಲ್ಲಿ, ಐಯೋವೇ ಜನ ಆ ನೆಲದ ಮೇಲಿನ ತಮ್ಮ ಹಕ್ಕನ್ನು ಹಣಕ್ಕೆ ಬಿಟ್ಟುಕೊಡಬೇಕಾಯಿತು. 1846ರಲ್ಲಿ ಆ ನೆಲದ ದೊಡ್ಡ ಭಾಗ ಅಯೋವಾ ಎಂಬ ಹೆಸರಿನಲ್ಲೇ ರಾಜ್ಯವಾಯಿತು. ಆ ಹೊತ್ತಿಗೆ ಐಯೋವೇ ಜನ ಮಿಸೌರಿಯ ಆಚೆ, ಇಂದಿನ ಕ್ಯಾನ್ಸಸ್-ನೆಬ್ರಾಸ್ಕಾ ಗಡಿಯ ಮೀಸಲು ನೆಲದಲ್ಲಿದ್ದರು. ಆ ನಂತರದ ಪ್ರತಿ ಗೋಡೆಯ ಭೂಪಟದಲ್ಲೂ ಅವರ ಹೆಸರು ದಪ್ಪ ಅಕ್ಷರಗಳಲ್ಲಿದೆ.

ಹಾಗಾದರೆ ಅಚ್ಚಾದ ಭೂಪಟ ಗೆದ್ದವರ ಆಯುಧ ಮಾತ್ರವೇ? ಇಲ್ಲ ಎನ್ನಲು ನನ್ನ ಬಳಿ ಒಂದು ಬಲವಾದ ಉದಾಹರಣೆ ಇದೆ. 1861ರಲ್ಲಿ, ಅಂತರ್ಯುದ್ಧ ಶುರುವಾದ ವರ್ಷ, ಅಮೆರಿಕದ ಕರಾವಳಿ ಸರ್ವೆ ಇಲಾಖೆಯ ಎಡ್ವಿನ್ ಹರ್ಗೆಶೈಮರ್ ದಕ್ಷಿಣದ ರಾಜ್ಯಗಳ ಒಂದು ಭೂಪಟ ಮಾಡಿದ. 1860ರ ಜನಗಣತಿಯ ಆಧಾರದ ಮೇಲೆ, ಪ್ರತಿ ಕೌಂಟಿಯ ಜನಸಂಖ್ಯೆಯಲ್ಲಿ ಗುಲಾಮರು ನೂರಕ್ಕೆ ಎಷ್ಟು ಎಂದು ಲೆಕ್ಕಹಾಕಿ, ಹೆಚ್ಚಿದ್ದಲ್ಲಿ ಕಪ್ಪಾಗಿ, ಕಡಿಮೆ ಇದ್ದಲ್ಲಿ ತಿಳಿಯಾಗಿ ಛಾಯೆ ಕೊಟ್ಟ. ಮಿಸಿಸಿಪ್ಪಿ ನದಿಯ ಎರಡೂ ದಡ, ದಕ್ಷಿಣ ಕೆರೊಲಿನಾದ ಕರಾವಳಿ ಕಪ್ಪಾದವು. ವರ್ಜೀನಿಯಾದ ಪಶ್ಚಿಮದ ಬೆಟ್ಟಸೀಮೆ, ಟೆನಿಸಿಯ ಪೂರ್ವಭಾಗ ತಿಳಿಯಾಗಿ ಉಳಿದವು. ಈ ಭೂಪಟವನ್ನು ಗಾಯಾಳು ಸೈನಿಕರ ನೆರವಿಗೆಂದು ಮಾರಿದರು. ಅಧ್ಯಕ್ಷ ಲಿಂಕನ್ ಇದನ್ನು ಆಗಾಗ ನೋಡುತ್ತಿದ್ದ. ಗುಲಾಮಗಿರಿ ವಿಮೋಚನೆಯ ಘೋಷಣೆಯನ್ನು ಲಿಂಕನ್ ತನ್ನ ಮಂತ್ರಿಗಳಿಗೆ ಓದಿ ಹೇಳಿದ ಸಂದರ್ಭವನ್ನು ಫ್ರಾನ್ಸಿಸ್ ಕಾರ್ಪೆಂಟರ್ 1864ರಲ್ಲಿ ಚಿತ್ರಿಸಿದಾಗ, ಬಲಗಡೆಯ ಕೆಳಮೂಲೆಯಲ್ಲಿ ಈ ಭೂಪಟವನ್ನೂ ಸೇರಿಸಿದ.

ಹಿಂದಿನ ಭೂಪಟಗಳಲ್ಲಿ ದಕ್ಷಿಣದ ರಾಜ್ಯಗಳಿಗೆ ತಲಾ ಒಂದು ಬಣ್ಣ: ಗುಲಾಬಿ, ಹಸಿರು, ಹಳದಿ. ಒಂದು ಬಣ್ಣವೆಂದರೆ ಒಂದು ಮನಸ್ಸು ಎಂಬ ಭಾವನೆ. ಹರ್ಗೆಶೈಮರ್ ಆ ಬಣ್ಣಗಳನ್ನು ಒರೆಸಿಹಾಕಿ, ರಾಜ್ಯವೊಂದರ ಒಳಗೇ ಎಷ್ಟು ಭೇದವಿದೆ ಎಂದು ತೋರಿಸಿದ. ಸುಮಾರು ನಲವತ್ತು ಲಕ್ಷ ಮನುಷ್ಯರು ಆ ಗೋಡೆಗಳ ಮೇಲೆ ಮೊದಲ ಬಾರಿಗೆ ಕಾಣಿಸಿಕೊಂಡರು. ಹೆಸರಿನಿಂದಲ್ಲ, ಶೇಕಡಾವಾರಿನಿಂದ, ಎಂಬುದು ಅದರ ಮಿತಿ. ಆದರೂ ಇದು ವರ್ತಮಾನಕಾಲದಲ್ಲಿ ಮಾತಾಡಿದ ಭೂಪಟ. 'ಇದೆ' ಎಂದು ಹೇಳಿತು. ಯಾವುದನ್ನು ಕಾಣದಂತೆ ಇಡಲಾಗಿತ್ತೋ ಅದು ಇದೆ ಎಂದು ಹೇಳಿತು. ಹಾಗಾಗಿ ಭೂಪಟವೆಂದರೆ ಸುಳ್ಳು ಎಂಬ ಸಾರಾಸಗಟು ತೀರ್ಮಾನಕ್ಕೆ ನಾವು ಬರಬೇಕಿಲ್ಲ.

ಈ ಕಥೆಗೂ ನಮ್ಮ ನೆಲಕ್ಕೂ ಒಂದು ನೇರವಾದ ನಂಟಿದೆ. ವಿಲಿಯಂ ಲ್ಯಾಂಬ್ಟನ್ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಕಾಲದಲ್ಲಿ ಬ್ರಿಟಿಷ್ ಸೈನ್ಯದಲ್ಲಿ ಅಲ್ಲಿದ್ದು, ಆಮೇಲೆ ಬ್ರಿಟಿಷರ ಕೈಯಲ್ಲುಳಿದ ನ್ಯೂ ಬ್ರನ್ಸ್‌ವಿಕ್ ಸೀಮೆಯಲ್ಲಿ ಸರ್ವೆ ಕೆಲಸ ಮಾಡಿದವನು. ಅದೇ ಲ್ಯಾಂಬ್ಟನ್ 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ. ಮರುವರ್ಷ ಬೆಂಗಳೂರಿನ ಬಳಿ ಆಧಾರರೇಖೆ ಅಳೆದು, ಮುಂದೆ ಇಡೀ ಭಾರತಕ್ಕೆ ಹಬ್ಬಿದ ತ್ರಿಕೋನ ಸರ್ವೆಗೆ ಪೀಠಿಕೆ ಹಾಕಿದ. ಅದೇ ಹೊತ್ತಿಗೆ ಮೈಸೂರು ಸೀಮೆಯ ಸರ್ವೆಗೆ ನೇಮಕವಾದ ಕಾಲಿನ್ ಮೆಕೆಂಜಿ ಇನ್ನೊಂದು ಕೆಲಸವನ್ನೂ ಮಾಡಿಸಿದ. ಅವನ ಸಹಾಯಕರು ಊರೂರಿನ ಶಾನುಭೋಗರು, ಹಿರಿಯರಿಂದ ಆ ಊರಿನ ಕಥೆ ಬರೆಸಿಕೊಂಡರು. ಅವೇ ಕೈಫಿಯತ್ತುಗಳು. ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ 'ಕರ್ನಾಟಕದ ಕೈಫಿಯತ್ತುಗಳು' ಓದಿದವರಿಗೆ ಅವುಗಳ ಧಾಟಿ ಗೊತ್ತು: ಈ ಊರು ಯಾರು ಕಟ್ಟಿದರು, ಕೆರೆ ಯಾರು ತೋಡಿಸಿದರು, ಯಾವ ಗಲಾಟೆಯಲ್ಲಿ ಜನ ಊರು ಬಿಟ್ಟರು, ಮತ್ತೆ ಯಾವಾಗ ಬಂದರು.

ಕೈಫಿಯತ್ತು ಓದುವಾಗ ನನಗೆ ನೊಚಿನಿಂಗನ ಚುಕ್ಕೆಗೆರೆ ನೆನಪಾಗುತ್ತದೆ. ಎರಡೂ ಅಧಿಕಾರಿಯ ಎದುರಿಗೆ ಹೇಳಿದ ನೆನಪುಗಳು. ಇಬ್ಬರ ಪಾಡು ಒಂದೇ ಅಲ್ಲ. ಮೆಕೆಂಜಿಯ ಆಳುವ ಕಂಪನಿಗೂ ಆ ಮಾಹಿತಿ ಬೇಕಿತ್ತು, ಹೇಳಿದವರಲ್ಲಿ ತಮ್ಮ ಇನಾಮು, ಮಾನ್ಯ ಉಳಿಸಿಕೊಳ್ಳುವ ಆಸೆಯಿದ್ದವರೂ ಇದ್ದಿರಬೇಕು. ಆದರೂ ಒಂದು ಹೋಲಿಕೆ ನಿಲ್ಲುತ್ತದೆ. ಸರ್ವೆಯ ಭೂಪಟ ಒಂದು ಕಪಾಟಿಗೆ, ಊರಿನ ಕಥೆ ಇನ್ನೊಂದು ಕಪಾಟಿಗೆ ಹೋಯಿತು. ಒಂದು ವಿಜ್ಞಾನವೆನಿಸಿತು, ಇನ್ನೊಂದು ಐತಿಹ್ಯವೆನಿಸಿತು. ಮಾಂಟಿಚೆಲೊ ಹಜಾರದ ವಿಂಗಡಣೆಯೇ ಅದು.

ಹಳೆಯ ಗೋಡೆಯ ಭೂಪಟವೊಂದು ಎದುರಾದರೆ ಅದರ ಸೊಗಸನ್ನು ಅನುಮಾನಿಸುತ್ತಾ ಕೂರಬೇಕೆಂದು ನಾನು ಹೇಳುವುದಿಲ್ಲ. ಮೆಲಿಷ್‌ನ ಭೂಪಟ ಸುಂದರವಾದದ್ದು; ಅಷ್ಟು ದೊಡ್ಡ ನೆಲವನ್ನು ಒಂದೇ ನೋಟಕ್ಕೆ ತರುವ ಹಂಬಲದಲ್ಲಿ ಕವಿತೆಯದೇ ಹಂಬಲವಿದೆ. ಆದರೆ ಕಾದಂಬರಿ ಓದುವಾಗ ನಿರೂಪಕ ಯಾರು, ಯಾವ ಕಾಲದಲ್ಲಿ ನಿಂತು ಹೇಳುತ್ತಿದ್ದಾನೆ ಎಂದು ಕೇಳುವ ನಾವು, ಭೂಪಟದ ಮುಂದೆ ಆ ಪ್ರಶ್ನೆಯನ್ನು ಮರೆಯುತ್ತೇವೆ. ಅದರ ಬಣ್ಣ ಎಲ್ಲಿ ನೆಲವನ್ನು ಮೀರಿ ಮುಂದೆ ಹೋಗಿದೆ? ಯಾವ ಗೆರೆ ಯಾರ ಕೈಯಿಂದ ಬಂದದ್ದು? ಯಾವ ಹೆಸರು ಉಳಿದು, ಆ ಹೆಸರಿನ ಜನ ಎಲ್ಲಿಗೆ ಹೋದರು? ಜೆಫರ್ಸನ್ನನ ಹಜಾರದಲ್ಲಿದ್ದ ಚರ್ಮದ ಭೂಪಟವನ್ನು ಬರೆದವನ ಹೆಸರನ್ನು ಟಿಕ್ನರ್ ಬರೆದುಕೊಳ್ಳಲಿಲ್ಲ. ಸಂತನ ಚಿತ್ರ ಯಾವುದೆಂದು ಮಾತ್ರ ಬರೆದುಕೊಂಡ.